ಹಾಲು ಅಳೆದವರ ನಾಲ್ಕು ಮಾತು

(ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ಕಾರ್ಯದರ್ಶಿಗಳು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತಾಡಿ ಅಂತ ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಮಗೆ ಹಾಲು ಅಳೆದು ಅಭ್ಯಾಸವೇ ಹೊರತು ಭಾಷಣ ಮಾಡಿ ಅಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. 1974ರಲ್ಲಿ ಗುಜರಾತಿನ ಆನಂದ್ ಮಾದರಿಯಲ್ಲಿ ನಮ್ಮ ರಾಜ್ಯದಲ್ಲಿ ಡೈರಿ ಅಭಿವೃದ್ಧಿ ಯೋಜನೆ ಶುರುವಾಯಿತು. ದೊಡ್ಡವರು ಹಾಕಿಕೊಟ್ಟ ಆ ದಾರಿಯಲ್ಲೇ ನಮ್ಮೂರ ಡೈರಿಯೂ ಹುಟ್ಟಿತು. ಹಾಲು ಪರೀಕ್ಷಕರಾಗಿ ಸೇರಿದ ನಾವು ಆಮೇಲೆ ಕಾರ್ಯದರ್ಶಿಯಾದೆವು. ಆ ಹುದ್ದೆಗೆ ಈಗ ಮುಖ್ಯ ಕಾರ್ಯನಿರ್ವಾಹಕ ಎಂಬ ಹೆಸರು ಬಂದಿದೆ. ಊರವರ ಬಾಯಲ್ಲಿ ನಾವು ಇವತ್ತಿಗೂ ಡೈರಿ ಸೆಕ್ರೆಟರಿಯೇ. ಬಡ್ತಿ ಅಂತ ಸಿಕ್ಕಿದ್ದು ಅದೊಂದೇ.

ಮೊದಲು ಗರ್ಬರ್ ಪದ್ಧತಿ ಇತ್ತು. ಗಾಜಿನ ನಳಿಗೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ, ಕೈಯಲ್ಲೇ ಯಂತ್ರ ತಿರುಗಿಸಿ ಫ್ಯಾಟ್ ನೋಡಬೇಕಿತ್ತು. ಆಸಿಡ್ ಸಿಡಿದು ಎಷ್ಟೋ ಅಂಗಿ ತೂತಾದವು.

ಆ ದಿನಗಳಲ್ಲಿ ತೋಟದ ಮನೆಯಿಂದ ದೂರ ನಡೆದು ಬರುತ್ತಿದ್ದ ಅಜ್ಜಿಯೊಬ್ಬರ ಹಾಲಿಗೆ ವಾರವಿಡೀ ಫ್ಯಾಟ್ ಕಡಿಮೆ ಬಂತು. "ಏನಪ್ಪಾ, ಹಸ ಅದೇ, ಹುಲ್ಲು ಅದೇ, ನಿನ್ನ ಪುಸ್ತಕದಲ್ಲಿ ಮಾತ್ರ ಜಿಡ್ಡು ಯಾಕೆ ಕಮ್ಮಿ?" ಅಂದರು. "ನೀರು ಬಿದ್ದಿರಬೇಕು ನೋಡಜ್ಜಿ" ಅಂದುಬಿಟ್ಟೆವು. ಅಜ್ಜಿ ಮಾತಾಡದೆ ಹೋದರು. ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನೀರು ಸೇರಿದ್ದರೆ ಲ್ಯಾಕ್ಟೋಮೀಟರ್ ಡಿಗ್ರಿ ಇಳಿಯಬೇಕಿತ್ತು, ಅದು ಸರಿಯಾಗಿಯೇ ಇತ್ತಲ್ಲ!

ಮಾರನೇ ದಿನ ನೋಡಿದರೆ ತಪ್ಪು ನಮ್ಮದೇ. ಅಷ್ಟು ದೂರದಿಂದ ಬರುವಷ್ಟರಲ್ಲಿ ಜಿಡ್ಡು ಮೇಲಕ್ಕೆ ಬಂದಿರುತ್ತಿತ್ತು. ನಾವು ಅವಸರದಲ್ಲಿ ಕಲಕದೆ, ತಳದ ಹಾಲನ್ನೇ ಮಾದರಿಗೆ ತೆಗೆಯುತ್ತಿದ್ದೆವು. ಆಡಳಿತ ಮಂಡಳಿಯ ಮುಂದೆ ಒಪ್ಪಿಕೊಂಡು, ಆ ವಾರದ ಬಟವಾಡೆಯ ವ್ಯತ್ಯಾಸವನ್ನು ನಮ್ಮ ಸಂಬಳದಿಂದ ಕೊಟ್ಟೆವು. ಸಾಲಿನಲ್ಲಿ ನಿಂತವರ ಎದುರಿಗೇ ಅಜ್ಜಿಯ ಕ್ಷಮೆ ಕೇಳಿದೆವು. "ನಾಳೆಯಿಂದ ಕಲಕಪ್ಪಾ" ಅಂದರು, ಅಷ್ಟೇ. ಅಜ್ಜಿ ಈಗಿಲ್ಲ. ಅವರ ಮೊಮ್ಮಗ ಇಂದು ನಮ್ಮ ಸದಸ್ಯರು.

ಹೆಚ್ಚು ಸಂಬಳ ಕೊಡ್ತೀವಿ ಬನ್ನಿ ಅಂತ ಹೊರಗಿನಿಂದ ಕರೆದದ್ದುಂಟು. ಹೋಗದಿದ್ದುದು ನಮ್ಮ ದೊಡ್ಡತನವೇನಲ್ಲ, ಹೊಲಮನೆ ಇಲ್ಲೇ ಇತ್ತು. ಆದರೆ ನಮ್ಮ ತಪ್ಪನ್ನು ನೋಡಿದ ಜನರೇ ಮತ್ತೆ ನಮ್ಮ ಕೈಗೆ ಹಾಲು ಕೊಟ್ಟರಲ್ಲ, ಅದಕ್ಕಿಂತ ದೊಡ್ಡ ಬಡ್ತಿ ಬೇರೆಲ್ಲಿ ಸಿಗುತ್ತಿತ್ತು?

ಈಗ ಯಂತ್ರವೇ ಫ್ಯಾಟ್ ತೋರಿಸಿ ಚೀಟಿ ಕೊಡುತ್ತದೆ, ಹಣ ಬ್ಯಾಂಕ್ ಖಾತೆಗೆ ಹೋಗುತ್ತದೆ. ಸಂತೋಷ. ಆದರೆ ಕಲಕದ ಹಾಲಿಟ್ಟರೆ ಯಂತ್ರವೂ ತಪ್ಪನ್ನೇ ಹೇಳುತ್ತದೆ. ಆದ್ದರಿಂದ ಆಡಳಿತ ಮಂಡಳಿಗೆ ನಮ್ಮದೊಂದೇ ಬಿನ್ನಹ: ಬೆಳ್ಳಿ ಹಬ್ಬದ ನೆನಪಿಗೆ ಕಮಾನು ಕಟ್ಟಿಸಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ಈಗಿನ ಹಾಲು ಪರೀಕ್ಷಕ ಹುಡುಗನಿಗೆ ಒಳ್ಳೆಯ ತರಬೇತಿ ಕೊಡಿಸಿ, ಸಂಸಾರ ನಡೆಯುವಷ್ಟು ಸಂಬಳ ಕೊಡಿ. ಅವನೂ ಊರಲ್ಲೇ ನಿಂತು ಬೆಳೆಯಲಿ. ಸದಸ್ಯರೇ, ನಿಮಗೂ ಒಂದು ಮಾತು: ಅನುಮಾನ ಬಂದರೆ ಆ ಅಜ್ಜಿಯಂತೆ ಮುಖಕ್ಕೇ ಕೇಳಿ.