ನಡೆದರೆ ನೋಯುವ ಕಾಲು



ಮಾರುಕಟ್ಟೆಗೆ ಹೊರಟ ವೃದ್ಧರೊಬ್ಬರು ಇನ್ನೂರು ಗಜ ನಡೆಯುವಷ್ಟರಲ್ಲಿ ಮೀನಖಂಡ ಬಿಗಿಹಿಡಿದು ನಿಂತುಬಿಡುವರು. ನಾಚಿಕೆಯಿಂದ ಯಾವುದೋ ಅಂಗಡಿಯ ಮುಂದೆ ಬೆಲೆ ವಿಚಾರಿಸುವವರಂತೆ ನಟಿಸುವರು. ಎರಡು ಮೂರು ನಿಮಿಷಗಳಲ್ಲಿ ನೋವು ಮಾಯವಾಗುವುದು. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು. ಜರ್ಮನರು ಇದನ್ನು ‘ಅಂಗಡಿ ಕಿಟಕಿಯ ರೋಗ’ವೆಂದೇ ಕರೆಯುವರು. ನಮ್ಮವರು ವಾಯುವೆಂದು ಎಣ್ಣೆ ತಿಕ್ಕಿ, ವಯಸ್ಸಾಯಿತೆಂದು ಸುಮ್ಮನಾಗುವರು.

ದೋಷವಿರುವುದು ಕೀಲಿನಲ್ಲಲ್ಲ, ರಕ್ತವನ್ನೊಯ್ಯುವ ಧಮನಿಯಲ್ಲಿ. ಅದರ ಒಳಗೋಡೆಯಲ್ಲಿ ಕೊಬ್ಬೂ ಸುಣ್ಣವೂ ಶೇಖರವಾಗಿ ದಾರಿ ಕಿರಿದಾಗಿರುವುದು. ಕುಳಿತಿರುವಾಗ ಸಾಲುವ ರಕ್ತ, ದುಡಿಯುವ ಸ್ನಾಯುವಿಗೆ ಸಾಲದು. ಇದನ್ನು ಮೊದಲು ಬಣ್ಣಿಸಿದವನು ಫ್ರಾನ್ಸಿನ ಪಶುವೈದ್ಯ ಬೂಲೆ, 1831ರಲ್ಲಿ, ಕುಂಟುತ್ತಿದ್ದ ಕುದುರೆಯೊಂದನ್ನು ಪರೀಕ್ಷಿಸಿ! ಮನುಷ್ಯರಲ್ಲಿ ಇದೇ ವ್ಯಾಧಿಯನ್ನು ಷಾರ್ಕೊ ಎಂಬ ವೈದ್ಯನು ವಿವರಿಸಿದ್ದು 1858ರಲ್ಲಿ.

ಪರೀಕ್ಷೆ ಸುಲಭ. ಹರಡಿನ ಬಳಿಯ ರಕ್ತದ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9 ಅಥವಾ ಅದಕ್ಕೂ ಕಡಮೆ ಬಂದರೆ ಧಮನಿ ಕಿರಿದಾಗಿದೆಯೆಂದು ತಿಳಿಯಬೇಕು. ಸಿಹಿಮೂತ್ರ ರೋಗಿಗಳಲ್ಲಿ ಧಮನಿ ಗಡುಸಾಗಿ ಈ ಲೆಕ್ಕ ಮೋಸಮಾಡುವುದುಂಟು.

ಚಿಕಿತ್ಸೆಯಲ್ಲಿ ಮೊದಲನೆಯದು ಬೀಡಿ ಸಿಗರೇಟುಗಳನ್ನು ಬಿಡುವುದು. ಕಡಮೆ ಮಾಡುವುದಲ್ಲ, ಬಿಡುವುದು. ಎರಡನೆಯದನ್ನು ಕೇಳಿ ತಾವು ನಗಬಹುದು: ನಡೆಯುವುದು! ನೋವು ಬಲವಾಗುವವರೆಗೆ ನಡೆದು, ನಿಂತು, ಅದು ಇಳಿದ ಮೇಲೆ ಪುನಃ ನಡೆಯಬೇಕು. ಹೀಗೆ ಮುಕ್ಕಾಲು ಗಂಟೆ, ವಾರಕ್ಕೆ ಮೂರು ಸಲ, ಮೂರು ತಿಂಗಳಾದರೂ, ವೈದ್ಯರ ಮೇಲ್ವಿಚಾರಣೆಯಲ್ಲಿ. ನಡೆಯುವ ದೂರ ಬೆಳೆಯುವುದು. ನೋವಿಗೆ ಅಂಜಿ ಮನೆ ಹಿಡಿದವರ ಕಾಲು ಇನ್ನಷ್ಟು ಸೋಲುವುದು.

ಕಾಲಿನ ಧಮನಿ ಕೆಟ್ಟವರಿಗೆ ಹೃದಯದ ಧಮನಿಯೂ ಕೆಟ್ಟಿರುವ ಸಂಭವ ಹೆಚ್ಚು. ಇಂಥವರ ಪ್ರಾಣಕ್ಕೆ ಎರವಾಗುವುದು ಬಹುಮಟ್ಟಿಗೆ ಹೃದಯಾಘಾತವೇ. ಕೊಬ್ಬಿಳಿಸುವ ಸ್ಟಾಟಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್ ಮುಂತಾದುವನ್ನು ವೈದ್ಯರು ಕೊಡುವುದು ಅದಕ್ಕಾಗಿಯೇ.

ಇವೆಲ್ಲ ಸಾಲದಾದಾಗ ಧಮನಿಯನ್ನೇ ಹಿಗ್ಗಿಸುವರು. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಡಾಟರ್ ಎಂಬ ವೈದ್ಯನು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ವೃದ್ಧೆಯ ಧಮನಿಯೊಳಗೆ ನಳಿಕೆ ತೂರಿಸಿ ದಾರಿ ಬಿಡಿಸಿದನು. ಆಕೆಯ ಕಾಲು ಉಳಿಯಿತು.

ರಾತ್ರಿ ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಬೆರಳು ಕಪ್ಪಿಟ್ಟರೆ, ಹುಣ್ಣು ಮಾಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕಾಲು ಥಟ್ಟನೆ ತಣ್ಣಗಾಗಿ ಬಿಳಿಚಿಕೊಂಡು ಮರಗಟ್ಟಿತೋ, ಉಳಿದಿರುವುದು ಕೆಲವೇ ಗಂಟೆಗಳು. ಬಿಸಿನೀರಿನ ಶಾಖ ಕೊಡುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.