ಮಸಿಯಲ್ಲಿ ಮೂಡಿದ ಮುಖಪುಟ

ಆಫ್‌ಸೆಟ್ ಮುದ್ರಣ ವ್ಯಾಪಕವಾಗುವ ಮುನ್ನ ಕನ್ನಡ ಪುಸ್ತಕಗಳ ಮುಖಪುಟಕ್ಕೆ ಸತುವಿನ ಲೈನ್ ಬ್ಲಾಕ್ ಬಳಸುತ್ತಿದ್ದರು. ಆ ಬ್ಲಾಕಿಗೆ ಮಸಿ ಹತ್ತುವ ಜಾಗ, ಹತ್ತದ ಜಾಗ ಎರಡೇ. ನಡುವಿನ ಬೂದು ಅದಕ್ಕೆ ದಕ್ಕದು. ಹಾಗಾಗಿ ಕಲಾವಿದರು ನೆರಳನ್ನು ಒತ್ತೊತ್ತಾದ ಗೆರೆಗಳಿಂದಲೋ ಚುಕ್ಕಿಗಳಿಂದಲೋ ಕಾಣಿಸಬೇಕಿತ್ತು. ಇನ್ನೊಂದು ದಾರಿ ಒಣಕುಂಚ. ಇಂಡಿಯನ್ ಇಂಕಿನಲ್ಲಿ ಅದ್ದಿದ ಕುಂಚವನ್ನು ಬಟ್ಟೆಗೆ ಒರೆಸಿ, ಒರಟು ಕಾಗದದ ಮೇಲೆ ಹಗುರಾಗಿ ಎಳೆದರೆ ಮಸಿ ಉಬ್ಬಿನ ಮೇಲಷ್ಟೇ ಕೂರುತ್ತದೆ, ತಗ್ಗು ಬೆಳ್ಳಗೇ ಉಳಿಯುತ್ತದೆ. ಮುದುಕನ ಕೆನ್ನೆಯ ಸುಕ್ಕು, ಹಂಚಿನ ಮಾಡು ಹೀಗೆ ಜೀವ ತಳೆಯುವುದು ನಿಜಕ್ಕೂ ಸೊಗಸು.

ಮೊದಲು ಪೆನ್ಸಿಲ್ಲಿನ ಕರಡು, ಅದರ ಮೇಲೆ ನಿಬ್ಬಿನ ಗೆರೆ. ಚಿತ್ರವನ್ನು ಅಚ್ಚಿನ ಅಳತೆಗಿಂತ ದೊಡ್ಡದಾಗಿ ಬರೆಯುವುದು ರೂಢಿಯಾಗಿತ್ತು. ಬ್ಲಾಕ್ ಮಾಡಲು ಕ್ಯಾಮೆರಾ ಅದನ್ನು ಕುಗ್ಗಿಸಿದಾಗ ಕೈನಡುಕವೂ ಕುಗ್ಗುತ್ತಿತ್ತು. ತಪ್ಪಿದಲ್ಲಿಗೆ ಬಿಳಿ ಪೋಸ್ಟರ್ ಬಣ್ಣ.

ಶೀರ್ಷಿಕೆಯೇ ಎಲ್ಲಕ್ಕಿಂತ ಕಷ್ಟ. ನಿಬ್ಬನ್ನು ಮೇಲ್ಮುಖವಾಗಿ ತಳ್ಳಿದರೆ ಕಾಗದಕ್ಕೆ ಸಿಕ್ಕಿ ಮಸಿ ಸಿಡಿಯುತ್ತದೆ. ಕನ್ನಡದ ದುಂಡಕ್ಷರಕ್ಕೆ ಕುಂಚವೇ ಒಳ್ಳೆಯದು. ಒತ್ತಕ್ಷರಕ್ಕೆ ಜಾಗ ಬಿಡದಿದ್ದರೆ ಕೆಳಗಿನ ಸಾಲು ಅದಕ್ಕೆ ತಾಗುತ್ತದೆ.

ಹಳೆಯ ಪುಸ್ತಕ ಕೈಗೆ ಬಂದಾಗ ಲೇಖಕರ ಹೆಸರಿನ ಜೊತೆಗೆ ಮುಖಪುಟ ಕಲಾವಿದರ ಹೆಸರನ್ನೂ ಒಳಪುಟದಲ್ಲಿ ಹುಡುಕಿ ಓದಿ.