ಆಪರೇಷನ್ ಆದ ಮೇಲೆ ಬಸ್ ಹತ್ತುವ ಧೈರ್ಯ



ಕ್ಯಾನ್ಸರ್ ಪ್ರದರ್ಶನ ಎಂದರೆ ರೋಗ ಪತ್ತೆಯ ಚಿತ್ರಪಟ, ಲಸಿಕೆಯ ಮಾಹಿತಿ, ತಂಬಾಕಿನ ಎಚ್ಚರಿಕೆ ಇರುತ್ತವೆ. ಅವೆಲ್ಲ ಬೇಕೇ ಬೇಕು. ನಮ್ಮ ದೇಶದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿದೆ. ಆದರೆ ಈ ಪ್ರದರ್ಶನಕ್ಕಾಗಿ ದುಡಿದ ದಾದಿಯರೇ, ವಿದ್ಯಾರ್ಥಿನಿಯರೇ, ನೀವು ಮೊದಲ ಮೇಜಿನ ಮೇಲೇ ಮೂತ್ರ ತೆಗೆಯುವ ನಳಿಕೆಯಾದ ಕ್ಯಾಥೆಟರ್, ಅಳತೆಯ ಜಗ್ಗು, ಗೆರೆ ಎಳೆದ ನೋಟ್‌ಬುಕ್ ಇಟ್ಟಿದ್ದೀರಿ. ಮುಚ್ಚಿಡುವ ವಿಷಯವನ್ನು ನಾಲ್ಕು ಜನರ ಮುಂದೆ ತೆರೆದಿಟ್ಟಿದ್ದಕ್ಕೆ ನಿಮಗೆ ನನ್ನ ಮನಸಾರೆ ಅಭಿನಂದನೆ.

ಆಪರೇಷನ್ ಆಗಿ ಆರು ತಿಂಗಳಿಗೋ ವರ್ಷಕ್ಕೋ ತಪಾಸಣೆಗೆ ಬಂದವರನ್ನು ನಾವು ವೈದ್ಯರು ಏನು ಕೇಳುತ್ತೇವೆ? ರಕ್ತ ಹೋಗುತ್ತಿದೆಯೇ, ನೋವಿದೆಯೇ, ಊಟ ಸೇರುತ್ತದೆಯೇ. ಸ್ಕ್ಯಾನ್ ನೋಡಿ, "ಏನೂ ಇಲ್ಲಮ್ಮ, ಆರಾಮಾಗಿರಿ" ಅನ್ನುತ್ತೇವೆ. ಆಕೆ ತಲೆಯಾಡಿಸಿ ಏಳುತ್ತಾಳೆ. ಜೊತೆಗೆ ಬಂದ ಮಗ ಔಷಧಿ ಚೀಟಿ ಹಿಡಿದು ಹೊರಗೆ ಹೋದ ಮೇಲೆ, ಬಾಗಿಲ ಬಳಿ ನಿಂತ ದಾದಿಗೆ ಮೆಲ್ಲಗೆ ಹೇಳುತ್ತಾಳೆ: "ಸಿಸ್ಟರ್, ಒಂದಕ್ಕೆ ಬಂದದ್ದೇ ಗೊತ್ತಾಗಲ್ಲ. ಸೀರೆ ಒದ್ದೆಯಾದ ಮೇಲೇ ಗೊತ್ತಾಗೋದು."

ಇದು ಆಕೆಯ ತಪ್ಪಲ್ಲ, ವಯಸ್ಸಿನ ಆಟವೂ ಅಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಮಾಡುವ ದೊಡ್ಡ ಆಪರೇಷನ್ನಿನಲ್ಲಿ ಗರ್ಭಕೋಶದ ಜೊತೆಗೆ ಅದರ ಅಕ್ಕಪಕ್ಕದ ಅಂಗಾಂಶಗಳನ್ನೂ ತೆಗೆಯಬೇಕಾಗುತ್ತದೆ. ಮೂತ್ರಕೋಶಕ್ಕೆ ಹೋಗುವ ನರಗಳು ಅಲ್ಲೇ ಹಾದುಹೋಗುತ್ತವೆ. ಕೆಲವು ನರಗಳು ಮೂತ್ರವನ್ನು ಹಿಡಿದಿಡಲು ನೆರವಾಗುತ್ತವೆ, ಬೆನ್ನಿನ ತಳಭಾಗದಿಂದ ಬರುವ ಬೇರೆ ನರಗಳು ಮೂತ್ರಕೋಶವನ್ನು ಕುಗ್ಗಿಸಿ ಖಾಲಿ ಮಾಡಿಸುತ್ತವೆ. ಅವಕ್ಕೆ ಪೆಟ್ಟಾದರೆ ಒಬ್ಬರಿಗೆ ತುಂಬಿದ್ದೇ ತಿಳಿಯುವುದಿಲ್ಲ, ಇನ್ನೊಬ್ಬರಿಗೆ ಎಷ್ಟು ಹೊತ್ತು ಕೂತರೂ ಪೂರ್ತಿ ಹೋಗುವುದಿಲ್ಲ, ಮತ್ತೊಬ್ಬರಿಗೆ ಕೆಮ್ಮಿದರೆ ಸಾಕು, ಸೋರುತ್ತದೆ.

1898ರಲ್ಲಿ ವಿಯೆನ್ನಾದ ಅರ್ನ್‌ಸ್ಟ್ ವರ್ಥೈಮ್ ಈ ಆಪರೇಷನ್ ಮಾಡಿದಾಗ ರೋಗಿ ಬದುಕುಳಿಯುವುದೇ ದೊಡ್ಡ ಸಂಗತಿಯಾಗಿತ್ತು. ಆಮೇಲೆ ಜಪಾನಿನ ಶಸ್ತ್ರವೈದ್ಯರು ನರಗಳನ್ನು ಬಿಡಿಸಿ ಉಳಿಸುವ ದಾರಿ ಹುಡುಕಿದರು. 2024ರಲ್ಲಿ 700 ಮಹಿಳೆಯರ ಮೇಲಿನ ಅಧ್ಯಯನವೊಂದು ಪ್ರಕಟವಾಯಿತು. ಗೆಡ್ಡೆ ಎರಡು ಸೆಂಟಿಮೀಟರ್ ದಾಟದ, ಅಪಾಯ ಕಡಿಮೆಯಿರುವವರಿಗೆ ಸರಳವಾಗಿ ಗರ್ಭಕೋಶ ತೆಗೆದರೂ ಮೂರು ವರ್ಷದಲ್ಲಿ ಕಿಬ್ಬೊಟ್ಟೆಯೊಳಗೆ ರೋಗ ಮರುಕಳಿಸಿದ ಪ್ರಮಾಣ ದೊಡ್ಡ ಆಪರೇಷನ್ನಿಗೆ ಹೆಚ್ಚುಕಡಿಮೆ ಸಮವಾಗಿತ್ತು. ನಾಲ್ಕು ವಾರ ಕಳೆದ ಮೇಲೂ ಮೂತ್ರ ಕಟ್ಟಿಕೊಂಡವರು ದೊಡ್ಡ ಆಪರೇಷನ್ ಆದವರಲ್ಲಿ ಶೇ. 9.9, ಸರಳ ಆಪರೇಷನ್ ಆದವರಲ್ಲಿ ಶೇ. 0.6. ಎಲ್ಲರಿಗೂ ಸರಳ ಆಪರೇಷನ್ ಒಪ್ಪುವುದಿಲ್ಲ, ಆದರೂ ಆಪರೇಷನ್ನಿಗೆ ಮೊದಲು "ನನ್ನದು ಯಾವ ಬಗೆಯದು, ಮೂತ್ರಕ್ಕೆ ಏನಾಗಬಹುದು?" ಎಂದು ಕೇಳುವ ಹಕ್ಕು ಪ್ರತಿ ಹೆಣ್ಣುಮಗಳಿಗೂ ಇದೆ.

ಈಗ ಮನೆಯ ಮಾತಿಗೆ ಬರುತ್ತೇನೆ. 2023ರ ಜೂನ್‌ನಿಂದ ನಮ್ಮ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಧರ್ಮಸ್ಥಳಕ್ಕೆ, ಕೊಲ್ಲೂರಿಗೆ, ಮಗಳ ಮನೆಗೆ ಅಂತ ಎಲ್ಲರೂ ಹೊರಟರು. ಈ ತೊಂದರೆ ಇರುವವಳು ಮಾತ್ರ ಮನೆಯಲ್ಲೇ ಉಳಿದಳು. ಮೂರು ಗಂಟೆಯ ದಾರಿಯಲ್ಲಿ ಬಸ್ ಎಲ್ಲಿ ನಿಲ್ಲುತ್ತದೋ, ನಿಂತಲ್ಲಿ ಶೌಚಾಲಯ ಹೇಗಿರುತ್ತದೋ! ಹೋಗಲೇಬೇಕಾದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳೆ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿ, ಸೋಂಕು, ಮಲಬದ್ಧತೆ ಎಲ್ಲವೂ ಬೆನ್ನು ಹತ್ತುತ್ತವೆ. ಮದುವೆ ಮನೆಗೆ ಹೋಗುವುದಿಲ್ಲ, ಗಂಡನ ಪಕ್ಕ ಮಲಗುವುದಿಲ್ಲ. ಬಾಯಿಬಿಟ್ಟು ಹೇಳಿಕೊಂಡರೆ, "ಜೀವ ಉಳೀತಲ್ಲ, ಇನ್ನೇನು ಬೇಕು?" ಎನ್ನುತ್ತಾರೆ. ಈ ಮಾತನ್ನು ದಯವಿಟ್ಟು ಯಾರೂ ಆಡಬೇಡಿ. ಆಕೆ ಕೇಳುತ್ತಿರುವುದೇ ಉಳಿದ ಜೀವದ ಬಗ್ಗೆ.

ಇದಕ್ಕೆ ಪರಿಹಾರಗಳಿವೆ. ಮೂತ್ರ ಬಂದಂತೆ ಅನಿಸದಿದ್ದರೂ ಎರಡು ಮೂರು ಗಂಟೆಗೊಮ್ಮೆ ಗಡಿಯಾರ ನೋಡಿ ಹೋಗುವುದು. ಹೋಗಿ ಎದ್ದು, ಸ್ವಲ್ಪ ತಡೆದು, ಮತ್ತೆ ಮುಂದಕ್ಕೆ ಬಾಗಿ ಕೂರುವುದು. ಎಷ್ಟು ಕುಡಿದೆ, ಎಷ್ಟು ಹೋಯಿತು, ಯಾವಾಗ ಸೋರಿತು ಎಂದು ಮೂರು ದಿನ ಆ ನೋಟ್‌ಬುಕ್ಕಿನಲ್ಲಿ ಬರೆದರೆ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ. ಸೋರುವವರಿಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮವಿದೆ, ಅದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಸರಿಯಾಗಿ ಕಲಿಯಬೇಕು.

ಖಾಲಿಯಾಗದವರಿಗೆ ಆ ತೆಳುವಾದ ಕ್ಯಾಥೆಟರ್. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ಮತ್ತು ಸಂಗಡಿಗರು, ಇದಕ್ಕೆ ಆಪರೇಷನ್ ಥಿಯೇಟರಿನ ಮಡಿ ಬೇಕಿಲ್ಲ, ಶುಚಿಯಾದ ಕೈ ಸಾಕು ಎಂದು ತೋರಿಸಿಕೊಟ್ಟರು. ಸೋಪು ಹಚ್ಚಿ ಕೈ ತೊಳೆದು, ಕನ್ನಡಿ ಇಟ್ಟುಕೊಂಡು, ನಳಿಕೆಯನ್ನು ಮೆಲ್ಲಗೆ ಸೇರಿಸಿ, ಖಾಲಿಯಾದ ಮೇಲೆ ತೆಗೆದುಬಿಡುವುದು. ಅಕ್ಷರ ಬಾರದ ಅಜ್ಜಿಯೂ ಇದನ್ನು ಕಲಿಯಬಲ್ಲಳು. ಹಗಲೂ ರಾತ್ರಿ ಮೂತ್ರದ ಚೀಲ ತೂಗುಹಾಕಿಕೊಂಡು ತಿರುಗುವುದು ತಪ್ಪುತ್ತದೆ.

ಒಂದು ಎಚ್ಚರಿಕೆ. ಆಪರೇಷನ್ನಿನ ನಂತರ ತಡೆಯಿಲ್ಲದೆ ಹನಿಯುತ್ತಲೇ ಇದ್ದರೆ, ಅಥವಾ ಜ್ವರ, ರಕ್ತ ಕಂಡರೆ ವ್ಯಾಯಾಮ ಮಾಡುತ್ತಾ ಕೂರಬೇಡಿ. ಒಳಗೆ ಎಲ್ಲಾದರೂ ತೂತಾಗಿ ಸೋರುತ್ತಿರಬಹುದು. ಕೂಡಲೇ ಆಸ್ಪತ್ರೆಗೆ ಬನ್ನಿ.

ಸಂಘಟಕರಲ್ಲಿ ಒಂದೇ ಕೋರಿಕೆ. ಮೂಲೆಯ ಮೇಜಿಗೆ ಒಂದು ಪರದೆ ಕಟ್ಟಿಸಿ, ಅಲ್ಲೊಬ್ಬ ದಾದಿಯನ್ನು ಸಂಜೆವರೆಗೆ ಕೂರಿಸಿ. ಎಲ್ಲರ ಮುಂದೆ ಕೇಳಲಾಗದವರು ಅಲ್ಲಿ ಕೇಳಲಿ. ಗಂಡಂದಿರೇ, ನೀವೂ ಆ ಮೇಜುಗಳನ್ನು ನೋಡಿ, ನಿಮ್ಮ ಹೆಂಡತಿಯರ ಜೊತೆಗೇ ನೋಡಿ. ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ.